ಇಂಜಿನ್ ಕಟ್ಸೇನಿ, ಖಾಲಿ ಓಡಿಸ್ಲೋ ಲೋಡ್ ಹಾಕ್ಲೋ?

ಬ್ಯಾಡಗಿ ಗಾಡಿ:
ನಮಸ್ಕಾರ್ರಿ. ನಂದು ಆರು ಗಾಲಿ ಲಾರಿ, ಬಿಎಸ್‌-4. ಪಿಸ್ಟನ್, ಅದು ಓಡಾಡೂ ಕೊಳವಿ (ಲೈನರ್), ಪಿಸ್ಟನ್ ಸುತ್ತಿನ ರಿಂಗ್ ಎಲ್ಲಾ ಹೊಸಾವು ಹಾಕ್ಸೇನಿ. ನಮ್ಮ ಹಳೇ ಡ್ರೈವರ್ ‘ಇಡೀ ರಾತ್ರಿ ಗಾಡಿ ನಿಂತಲ್ಲೇ ಇಂಜಿನ್ ಸ್ಲೋದಾಗ ಬಿಡು, ಆಮ್ಯಾಲ ಖಾಲಿ ಗಾಡಿ 40ರ ಮ್ಯಾಲ ಒಯ್ಯಬ್ಯಾಡ’ ಅಂತಾನ. ಮಾರ್ಕೆಟ್‌ನ್ಯಾಗ ಮೆಣಸಿನಕಾಯಿ ಲೋಡ್ ಕಾಯಾಕತ್ತೇತಿ. ಏನ್ ಮಾಡ್ಲಿ?

ಗಬ್ಬೂರ ಮಿಸ್ತ್ರಿ:
ರಾತ್ರಿಯಿಡೀ ಸ್ಲೋದಾಗ ಬಿಡೂದು ಬ್ಯಾಡೇ ಬ್ಯಾಡ. ಆ ಮಾತು ಕೇಳಿದ್ರ ನನಗ ಸಿಟ್ಟ ಬರ್ತೈತಿ, ಯಾಕಂದ್ರ ಹಂಗ ಮಾಡಿದ ಇಂಜಿನ್ ಮತ್ತ ಬಿಚ್ಚಾಕ ನನ್ನ ಕಡೇನ ಬರ್ತಾವ.

ರಿಂಗ್ ಲೈನರ್‌ಗೆ ಒತ್ತೂದು ಬರೇ ತನ್ನ ಸ್ಪ್ರಿಂಗಿನಿಂದಲ್ಲ. ಮ್ಯಾಲ ಉರಿಯೂ ಗ್ಯಾಸು ರಿಂಗಿನ ಹಿಂದ ಹೊಕ್ಕು ಅದನ್ನ ಹೊರಗ ದೂಡ್ತೈತಿ. ಲೋಡ್ ಇಲ್ಲ ಅಂದ್ರ ಆ ಪ್ರೆಶರೂ ಇಲ್ಲ. ಹೊಸ ಲೈನರ್‌ನ್ಯಾಗ ಹೋನಿಂಗಿನ, ಅಂದ್ರ ಕಲ್ಲಿಲೆ ಉಜ್ಜಿದ, ಅಡ್ಡಡ್ಡ ಗೀರು ಇರ್ತಾವಲ್ಲ, ರಿಂಗ್ ಅವುಗಳ ತುದಿ ಸವಿಸಿ ತನ್ನ ಜಾಗಾ ಮಾಡ್ಕೋಬೇಕು. ಸ್ಲೋದಾಗ ಬಿಟ್ರ ಆಯಿಲ್ ಅಲ್ಲೇ ಬೆಂದು ಗೀರು ತುಂಬಿ ಲೈನರ್ ಕನ್ನಡಿ ಹಂಗ ನುಣ್ಣಗ ಆಗ್ತೈತಿ. ಆಮ್ಯಾಲ ಬ್ರೀದರ್‌ನ್ಯಾಗ (ಇಂಜಿನ್ ಒಳಗಿನ ಗಾಳಿ ಹೊರಗ ಬಿಡೂ ಪೈಪು) ಹೊಗಿ, ಆಯಿಲ್ ಖರ್ಚು. ಎಷ್ಟ ಓಡಿಸಿದ್ರೂ ಸರಿ ಆಗೂದಿಲ್ಲ.

ಸ್ಟಾರ್ಟ್ ಮಾಡಿ ಆಯಿಲ್ ಪ್ರೆಶರ್ ನೋಡ್ರಿ, ಸೋರಿಕೆ ನೋಡ್ರಿ, ಗಾಡಿ ತಗೀರಿ. ಮೊದಲಿಗೆ ಅರ್ಧ ಲೋಡ್ ಸಾಕು. ಹಾವೇರಿ–ಹುಬ್ಬಳ್ಳಿ ಹೈವೇನ್ಯಾಗ ಒಂದ ಸ್ಪೀಡಿಗೆ ಕಾಲಿಟ್ಟು ಕುಂದರಬ್ಯಾಡ್ರಿ, ಆರ್‌ಪಿಎಂ ಏರಿಸ್ರಿ, ಇಳಸ್ರಿ. ಏರಿನ್ಯಾಗ ಇಂಜಿನ್ ಗುದ್ದಾಡೂ ಮೊದಲ ಗೇರ್ ಇಳಸ್ರಿ. ಟಾಪ್ ಗೇರ್‌ನ್ಯಾಗ ಆಕ್ಸಿಲರೇಟರ್ ಪೂರಾ ಒತ್ತಿ ಎಳಸೂದು ಹೊಸ ಇಂಜಿನ್ನಿಗೆ ಭಾಳ ಕೆಟ್ಟದ್ದು. ಅಂಕೋಲಾ ಕಡೆಯಿಂದ ಫುಲ್ ಲೋಡ್ ತುಂಬ್ಕೊಂಡು ಅರಬೈಲ ಘಾಟ ಹತ್ತೂದು ಸದ್ಯಕ್ಕ ಬಿಡ್ರಿ. ಟೆಂಪರೇಚರ್ ಮುಳ್ಳು ಏರಿತಂದ್ರ ನಿಲ್ಲಸ್ರಿ. ಆದ್ರ ಆಫ್ ಮಾಡೂ ಮೊದಲ ಎರಡು ಮಿನಿಟ್ ಸ್ಲೋದಾಗ ಬಿಡ್ರಿ, ಟರ್ಬೋದ ಬೇರಿಂಗಿಗೆ ಆಯಿಲ್ ಹೊಕ್ಕೋತ ತಣ್ಣಗಾಗ್ಲಿ.

ಮೊದಲನೇ ಆಯಿಲ್, ಫಿಲ್ಟರ್ ಬೇಗನ ಬದಲ್ಸ್ರಿ, 1,000 ಕಿ.ಮೀ. ಒಳಗ. ಅದರಾಗ ಸಣ್ಣ ಕಬ್ಬಿಣ ಪುಡಿ ಇರ್ತೈತಿ. ಟ್ಯಾಪೆಟ್ ಸೆಟ್ಟಿಂಗೂ (ವಾಲ್ವಿನ ಸಂದು) ಆವಾಗ್ಲೇ ನೋಡಸ್ರಿ.

ಬೆಟಗೇರಿ ಟಿಪ್ಪರ್:
ಮಿಸ್ತ್ರಿ ಹೇಳಿದ್ದು ಖರೆ. ನಮ್ಮದು ಬಿಎಸ್‌-6, ಅದಕ್ಕಂತೂ ಸ್ಲೋದಾಗ ನಿಲ್ಲಸೂದು ಇನ್ನೂ ತ್ರಾಸು. ಸೈಲೆನ್ಸರ್ ಬಿಸಿ ಆಗೂದಿಲ್ಲ, ಡಿಪಿಎಫ್‌ನ್ಯಾಗ (ಹೊಗಿಯ ಮಸಿ ಹಿಡಿಯೂ ಫಿಲ್ಟರ್) ಮಸಿ ತುಂಬ್ತೈತಿ. ಕ್ವಾರಿನ್ಯಾಗ ಪಾಳಿ ಬರೂತನಕ ಹುಡುಗ್ರು ಎಸಿ ಹಚ್ಚಿ ಮಲಗ್ತಾರ, ಆಮ್ಯಾಲ ಡ್ಯಾಶ್‌ಬೋರ್ಡಿನ್ಯಾಗ ಲೈಟ್ ಬಂತು ಅಂತ ನನಗ ಫೋನ್ ಹಚ್ತಾರ.

ಬ್ಯಾಡಗಿ ಗಾಡಿ:
ಆತ್ರಿ, ಅರ್ಧ ಲೋಡ್ ಹಾಕ್ತೇನಿ. ಒಬ್ರು ಸಿಂಥೆಟಿಕ್ ಆಯಿಲ್ ಮತ್ತ ಯಾವ್ದೋ ಡಬ್ಬಿ ಟಾನಿಕ್ ಹಾಕು ಅಂದಾರ?

ಗಬ್ಬೂರ ಮಿಸ್ತ್ರಿ:
ಟಾನಿಕ್ ಅಂಗಡ್ಯಾಗ ಬಿಡ್ರಿ. ಜಾರಿಕಿ ಹೆಚ್ಚಾದ್ರ ರಿಂಗ್ ಕುಂದ್ರೂದ ತಡ ಆಗ್ತೈತಿ. ಬುಕ್ಕಿನ್ಯಾಗ ಬರದ ಗ್ರೇಡಿನ ಮಿನರಲ್ ಆಯಿಲ್ ಹಾಕ್ರಿ, ದಿನಾ ಮುಂಜಾನೆ ಆಯಿಲ್ ಅಳಿಯೂ ಕಡ್ಡಿ (ಡಿಪ್‌ಸ್ಟಿಕ್) ತಗದು ನೋಡ್ರಿ. ಮೊದಮೊದಲ ಆಯಿಲ್ ಒಂಚೂರು ಇಳೀತೈತಿ, ಅಂಜಬ್ಯಾಡ್ರಿ. ಆಯಿಲ್ ಬದಲ್ಸಿದ ಮ್ಯಾಲೂ ಹಂಗ ಇಳೀತಿದ್ರ ಗಾಡಿ ತಗೊಂಡ್ ಬರ್ರಿ.