ಸಹಾಯ ಬೇಕು: ಅಡಾಪ್ಟಿವ್ ಫಿಲ್ಟರ್ ಗದ್ದಲದ ಜೊತೆ ಮಾತನ್ನೂ ಅಳಿಸುತ್ತಿದೆ

ಮೋಟಾರಿನ ಸದ್ದಿನ ನಡುವೆಯೂ ಮಾತನ್ನು ಸ್ಪಷ್ಟವಾಗಿ ಹಿಡಿಯಬೇಕಾದ ಸಾಧನವೊಂದಕ್ಕೆ ಎರಡು ಮೈಕ್‌ಗಳ ವ್ಯವಸ್ಥೆಯನ್ನು ರೂಪಿಸುತ್ತಿದ್ದೇನೆ. ಒಂದು ಮಾತನಾಡುವವರ ಬಳಿ, ಇನ್ನೊಂದು ಮೋಟಾರಿನ ಪಕ್ಕದಲ್ಲಿದೆ. ಸ್ಯಾಂಪ್ಲಿಂಗ್ ದರ 16 ಕಿಲೋಹರ್ಟ್ಸ್. ಮೋಟಾರಿನ ಬಳಿಯ ಮೈಕ್‌ನಿಂದ ಗದ್ದಲವನ್ನು ಅಂದಾಜಿಸಿ ಕಳೆಯುತ್ತಾ ತನ್ನನ್ನು ತಾನೇ ತಿದ್ದಿಕೊಳ್ಳುವ ಎನ್‌ಎಲ್‌ಎಂಎಸ್ (ಒಂದು ಬಗೆಯ ಅಡಾಪ್ಟಿವ್) ಫಿಲ್ಟರ್‌ಗೆ 128 ಟ್ಯಾಪ್‌ಗಳು (ಗುಣಾಂಕಗಳು), ಅಂದರೆ 8 ಮಿಲಿಸೆಕೆಂಡ್. ಸಿಮ್ಯುಲೇಶನ್‌ನಲ್ಲಿ ಎಲ್ಲವೂ ಸರಿಯಾಗಿತ್ತು (ಅಲ್ಲಿ ಯಾವಾಗಲೂ ಸರಿಯಾಗಿಯೇ ಇರುತ್ತದೆ!). ನಿಜವಾದ ಜಾಗದಲ್ಲಿ ಮೋಟಾರಿನ ಬಳಿಯ ಮೈಕ್‌ಗೂ ಮಾತು ಸೋರುವುದರಿಂದ, ಫಿಲ್ಟರ್ ಅದನ್ನೂ ಗದ್ದಲವೆಂದೇ ಬಗೆದು ಕಳೆಯುತ್ತಿದೆ. ‘ಆ’, ‘ಓ’ದಂತಹ ದೀರ್ಘ ಸ್ವರಗಳು ಟೊಳ್ಳಾಗಿ ಕೇಳಿಸುತ್ತವೆ.

ಸ್ಟೆಪ್ ಸೈಜ್ ಅನ್ನು (ಫಿಲ್ಟರ್ ಪ್ರತಿ ಹೆಜ್ಜೆಗೆ ಎಷ್ಟು ತಿದ್ದಿಕೊಳ್ಳಬೇಕೆಂಬ ಅಳತೆ) 0.5ರಿಂದ 0.05ಕ್ಕೆ ಇಳಿಸಿದರೆ ಮಾತು ಉಳಿಯುತ್ತದೆ, ಆದರೆ ಮೋಟಾರಿನ ವೇಗ ಬದಲಾದಾಗ ಫಿಲ್ಟರ್ ಹಿಂದೆ ಬೀಳುತ್ತದೆ. ಮಾತಿರುವಾಗ ಫಿಲ್ಟರ್‌ನ ಕಲಿಕೆಯನ್ನು ನಿಲ್ಲಿಸಲೆಂದು, ಮೊದಲ ಮೈಕ್‌ನ ಶಕ್ತಿಯ ಮಟ್ಟವನ್ನು ನೋಡಿ ಮಾತನ್ನು ಗುರುತಿಸುವ ಡಿಟೆಕ್ಟರ್ ಒಂದನ್ನು ಸೇರಿಸಿದೆ. ತೊಡಕಿರುವುದು ಇಲ್ಲೇ: ವೇಗ ಏರಿದಾಗ ಸದ್ದಿನ ಶಕ್ತಿಯೂ ಏರುವುದರಿಂದ, ಡಿಟೆಕ್ಟರ್ ಅದನ್ನು ಮಾತೆಂದು ತೀರ್ಮಾನಿಸಿ, ಫಿಲ್ಟರ್ ಕಲಿಯಲೇಬೇಕಾದ ಹೊತ್ತಿನಲ್ಲೇ ಅದನ್ನು ತಡೆದುಬಿಡುತ್ತದೆ. ಮೈಕ್‌ಗಳನ್ನು ಇನ್ನಷ್ಟು ದೂರವಿಡಲು ಜಾಗವಿಲ್ಲ.

ಎರಡು ಮೈಕ್‌ಗಳ ಶಕ್ತಿಯ ಅನುಪಾತಕ್ಕೆ ತಕ್ಕಂತೆ ಸ್ಟೆಪ್ ಸೈಜ್ ಅನ್ನು ಬದಲಿಸಿದರೆ ಸಾಕೇ, ಅಥವಾ ಸದಾ ಕಲಿಯುವ ಫಿಲ್ಟರ್ ಒಂದನ್ನು ಹಿನ್ನೆಲೆಯಲ್ಲಿ ಓಡಿಸಿ, ಅದರ ಫಲಿತಾಂಶ ಉತ್ತಮವಾಗಿದ್ದಾಗ ಮಾತ್ರ ಅದರ ಗುಣಾಂಕಗಳನ್ನು ಮುಖ್ಯ ಫಿಲ್ಟರ್‌ಗೆ ನಕಲಿಸಬೇಕೇ? ಎರಡನೆಯದಾದರೆ, ‘ಉತ್ತಮ’ ಎಂಬುದನ್ನು ಯಾವ ಅಳತೆಯಿಂದ ನಿರ್ಧರಿಸುತ್ತೀರಿ?