ಪಲ್ಸರ್ 150 ಹಿಂದಿನ ಟೈರ್: ಶೋರೂಂ ಲೆಕ್ಕ 3,350 ರೂಪಾಯಿ, ಹೊರಗೆ ಹಾಕಿಸಿದರೆ ಏನಾದರೂ ತೊಂದರೆನಾ? (ಕಲಬುರಗಿ)

ಗಂಜ್_ಪಲ್ಸರ್:

ನಮಸ್ಕಾರ್ರಿ ಎಲ್ಲರಿಗೂ. ಗಾಡಿ ಪಲ್ಸರ್ 150, ಹಿಂದೆ ಡ್ರಮ್ ಬ್ರೇಕ್ ಇರುವ ಮಾಡೆಲ್. ಅಲಾಯ್ ವೀಲ್, ಟ್ಯೂಬ್‌ಲೆಸ್. ಹಿಂದಿನ ಟೈರ್ ನಡುವೆ ಪೂರ್ತಿ ಬೋಳಾಗಿದೆ, ಅಂಚಿನಲ್ಲಿ ಮಾತ್ರ ಗ್ರಿಪ್ ಉಳಿದಿದೆ. ದಿನಾ ಸೇಡಂ ರಸ್ತೆಯಲ್ಲಿ ಸಿಮೆಂಟ್ ಲಾರಿಗಳ ಹಿಂದೆ ಓಡಾಟ. ಮಳೆಗಾಲಕ್ಕೆ ಮುಂಚೆ ಬದಲಿಸಲೇಬೇಕು.

ಸರ್ವಿಸ್‌ಗೆ ಬಿಟ್ಟಾಗ ಶೋರೂಂನವರು ಹೇಳಿದ ಲೆಕ್ಕ ಹೀಗಿದೆ. ಟೈರ್ 2,560. ಫಿಟ್ಟಿಂಗ್ 350. ವಾಲ್ (ಹವಾ ತುಂಬುವ ಮೂತಿ) 90. ಬ್ಯಾಲೆನ್ಸಿಂಗ್ (ಚಕ್ರದ ತೂಕ ಸುತ್ತಲೂ ಸಮ ಮಾಡೋದು) 200. 'ಇತರೆ ಸಾಮಗ್ರಿ' 150. ಒಟ್ಟು 3,350. ಜೊತೆಗೆ ಮುಂದಿನ ಟೈರೂ ಈಗಲೇ ಬದಲಿಸಿ, ಎರಡೂ ಒಂದೇ ಕಂಪನಿ ಇರಬೇಕು ಅಂತಾರೆ. ಹೊರಗೆ ಹಾಕಿಸಿದರೆ ಗಾಡಿ ವಾರಂಟಿ ಹೋಗುತ್ತೆ ಅಂತಲೂ ಹೇಳಿದರು. ನಿಜಾನಾ?

ರಿಂಗ್_ರೋಡ್_ರೈಡರ್:

ಅಣ್ಣಾ, ಹೈದರಾಬಾದಿಗೆ ಹೋಗಿ ತಗೊಂಡು ಬಾ. ಅಲ್ಲಿ ಅಗ್ಗ.

ಬೀದರ್_ಮಿಸ್ತ್ರಿ:

ಹೈದರಾಬಾದ್ ಇನ್ನೂರು ಕಿಲೋಮೀಟರ್ ಮೇಲಿದೆ. ಒಂದು ಟೈರಿಗಾಗಿ ಹೋಗಿ ಬಂದರೆ ಉಳಿಸಿದ ದುಡ್ಡು ಪೆಟ್ರೋಲಿಗೇ ಹೋಯ್ತು. ಅದೂ ಬೋಳು ಟೈರಿನಲ್ಲಿ! ಬೇರೆ ಕೆಲಸಕ್ಕೆ ಹೋದಾಗ ತಂದರೆ ಸರಿ. ಸುಮ್ನೆ ಅದಕ್ಕೆಂದೇ ಹೋಗಬೇಡಿ.

ಇನ್ನು ನಿಮ್ಮ ಪ್ರಶ್ನೆಗೆ ಬರ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ವಾರಂಟಿ ಮಾತು ಸುಮ್ನೆ ಹೆದರಿಸೋದು. ಟೈರಿನ ವಾರಂಟಿ ಕೊಡೋದು ಟೈರ್ ಕಂಪನಿ, ಗಾಡಿ ಕಂಪನಿ ಅಲ್ಲ. ನಿಮ್ಮ ಓನರ್ ಮ್ಯಾನ್ಯುವಲ್ ತೆಗೆದು ನೋಡಿ, ಅದರಲ್ಲೇ ಬರೆದಿರುತ್ತೆ. ಅದೇ ಅಳತೆಯ ಐಎಸ್ಐ ಗುರುತಿನ ಟೈರನ್ನು ಹೊರಗೆ ಹಾಕಿಸಿದ್ದಕ್ಕೆ ಇಂಜಿನ್ ವಾರಂಟಿ ಹೋಗೋದಿಲ್ಲ. ಮುಂದೆ ಟೈರ್ ಉಬ್ಬಿದರೆ, ಪದರ ಬಿಟ್ಟರೆ, ಆ ಕಂಪನಿಯ ಡೀಲರ್ ಹತ್ತಿರ ಕ್ಲೇಮ್ ಮಾಡಬಹುದು. ಅದಕ್ಕೆ ಬಿಲ್ ಬೇಕು. ಮೊಳೆ ಚುಚ್ಚಿದ್ದು, ಕಲ್ಲಿಗೆ ಕೊಯ್ದಿದ್ದು ಕ್ಲೇಮಿಗೆ ಬರಲ್ಲ. ಕ್ಲೇಮ್ ಒಪ್ಪಿದರೂ ಪೂರ್ತಿ ದುಡ್ಡು ಸಿಗಲ್ಲ, ಎಷ್ಟು ಗ್ರಿಪ್ ಉಳಿದಿದೆ ಅಂತ ಅಳೆದು ಅಷ್ಟರ ಮಟ್ಟಿಗೆ ಕೊಡ್ತಾರೆ.

ಈಗ ಬೆಲೆ. ಟೈರ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಂದು 28 ಪರ್ಸೆಂಟಿನಿಂದ 18 ಪರ್ಸೆಂಟಿಗೆ ಇಳಿದಿದೆ. ನಿಮಗೆ ಹೇಳಿದ 2,560 ನೋಡಿದ ಕೂಡಲೇ ನನಗೆ ಅನುಮಾನ ಬಂತು. 2,000ಕ್ಕೆ 28 ಪರ್ಸೆಂಟ್ ಸೇರಿಸಿದರೆ ಸರಿಯಾಗಿ 2,560. ಅದೇ 2,000ಕ್ಕೆ 18 ಸೇರಿಸಿದರೆ 2,360. ಹಳೆ ಎಂಆರ್‌ಪಿ ಚೀಟಿಯನ್ನೇ ಓದಿ ಹೇಳಿರಬಹುದು. 'ಇದು ಹೊಸ ರೇಟಾ, ಹಳೆಯದಾ' ಅಂತ ನೇರವಾಗಿ ಕೇಳಿ. ಎಂಆರ್‌ಪಿ ಅಂದರೆ ತೆರಿಗೆ ಸೇರಿಸಿ ಗರಿಷ್ಠ ಬೆಲೆ, ಅದಕ್ಕಿಂತ ಕಡಿಮೆಗೆ ಮಾರಬಾರದು ಅಂತ ಯಾವ ಕಾನೂನೂ ಇಲ್ಲ. ಟೈರ್ ಅಂಗಡಿಯಲ್ಲಿ ಚೌಕಾಶಿ ನಡೆಯುತ್ತೆ. ಶೋರೂಂನಲ್ಲಿ ನಡೆಯಲ್ಲ. ಅರ್ಧ ವ್ಯತ್ಯಾಸ ಇಲ್ಲೇ ಇದೆ.

ಹಳೆ ಚೀಟಿ ಅಂದರೆ ಹಳೆ ಮಾಲು ಇರಬಹುದು. ಸೈಡ್‌ವಾಲ್ ಮೇಲೆ, ಅಂದರೆ ಟೈರಿನ ಬದಿಯಲ್ಲಿ, ಒಂದು ಉದ್ದನೆಯ ಮೊಟ್ಟೆಯಾಕಾರದ ಚೌಕಟ್ಟಿನಲ್ಲಿ ನಾಲ್ಕು ಅಂಕಿ ಇರುತ್ತೆ. 1422 ಅಂತಿದ್ದರೆ 2022ರ 14ನೇ ವಾರದಲ್ಲಿ ತಯಾರಾಗಿದ್ದು. ಆ ಅಂಕಿ ಒಂದೇ ಬದಿಗಿರುತ್ತೆ, ತಿರುಗಿಸಿ ನೋಡಿ. ಆರು ತಿಂಗಳು, ವರ್ಷ ಹಳೆಯದಾದರೆ ತಲೆ ಕೆಡಿಸಿಕೊಳ್ಳಬೇಡಿ, ಅದು ಹೊಸ ಟೈರೇ. ಮೂರು ವರ್ಷ ದಾಟಿದ್ದರೆ ನಾನಂತೂ ಬೇಡ ಅಂತೀನಿ. ತಂಪಾದ ಗೋಡೌನಿನಲ್ಲಿ ಇಟ್ಟ ಮಾಲು ಬೇರೆ, ನಮ್ಮ ಕಡೆ ಬೇಸಿಗೆಯಲ್ಲಿ ತಗಡಿನ ಶೆಡ್ಡಿನಲ್ಲಿ ಬೆಂದ ಮಾಲು ಬೇರೆ. ರಬ್ಬರ್ ಗಡಸಾದರೆ ಗ್ರಿಪ್ ಎಷ್ಟು ಆಳ ಇದ್ದರೂ ಒದ್ದೆ ರಸ್ತೆಯಲ್ಲಿ ಜಾರುತ್ತೆ.

ಅಳತೆ: ನಿಮ್ಮ ಮಾಡೆಲಿಗೆ ಹಿಂದೆ ಸಾಮಾನ್ಯವಾಗಿ 100/90-17, ಮುಂದೆ 80/100-17. ಆದರೂ ಈಗಿರುವ ಟೈರ್ ಮೇಲೆ, ಚೈನ್ ಗಾರ್ಡ್ ಮೇಲಿನ ಚೀಟಿಯಲ್ಲಿ, ಎರಡೂ ಕಡೆ ಓದಿಕೊಳ್ಳಿ. ಎರಡು ಡಿಸ್ಕ್ ಇರುವ ಮಾಡೆಲಿನ ಅಳತೆ ಬೇರೆ. 100 ಅಂದರೆ ಅಗಲ ಮಿಲಿಮೀಟರಿನಲ್ಲಿ. 90 ಅಂದರೆ ಎತ್ತರ ಅಗಲದ 90 ಪರ್ಸೆಂಟ್. 17 ರಿಮ್ ಇಂಚು. ಆಮೇಲೆ 55 ಪಿ ಅಂತ ಏನೋ ಇರುತ್ತಲ್ವಾ, ಅದನ್ನು ಯಾರೂ ನೋಡಲ್ಲ. 55 ಅಂದರೆ ಆ ಟೈರ್ ಹೊರುವ ಭಾರ 218 ಕೆಜಿ. ಪಿ ಅಂದರೆ ಗಂಟೆಗೆ 150 ಕಿಲೋಮೀಟರ್ ವೇಗದ ತನಕ. ಹೊಸದು ಇದಕ್ಕಿಂತ ಕಡಿಮೆ ಇರಬಾರದು. ಡಬಲ್ ಸೀಟ್ ಜೊತೆ ಗಂಜ್ ಮಾರುಕಟ್ಟೆಯಿಂದ ಚೀಲ ಹೇರಿಕೊಂಡು ಬರೋರಿಗೆ ಇದು ಗೊತ್ತಿರಬೇಕು.

ಮುಂದಿನ ಟೈರ್: ಗ್ರಿಪ್ ಸಂದಿಯಲ್ಲಿ ಚಿಕ್ಕ ದಿಬ್ಬಗಳಿರುತ್ತವೆ. ಅದು ಸವೆತದ ಗುರುತು. ದಿಬ್ಬದ ಮಟ್ಟಕ್ಕೆ ರಬ್ಬರ್ ಬಂದರೆ ಟೈರ್ ಮುಗಿದ ಹಾಗೆ. ಟೂ ವೀಲರಿಗೆ ಕಾನೂನಿನ ಪ್ರಕಾರ ಕನಿಷ್ಠ 0.8 ಮಿಲಿಮೀಟರ್ ಆಳ ಇರಬೇಕು. ಕಾರಿಗೆ 1.6. ನಾನು 0.8ರ ತನಕ ಕಾಯಲ್ಲ, ಮಳೆಯಲ್ಲಿ ಅದು ಏನೇನೂ ಸಾಲದು. ಆದರೆ ನಿಮ್ಮ ಮುಂದಿನ ಟೈರಿನಲ್ಲಿ ದಿಬ್ಬಕ್ಕಿಂತ ಚೆನ್ನಾಗಿ ಮೇಲಿದೆ, ಬಿರುಕಿಲ್ಲ ಅಂದರೆ ಈಗ ಮುಟ್ಟಬೇಡಿ. ಹಿಂದಿನದು ಮೊದಲು ಸವೆಯೋದು ಸಹಜ. ಎರಡೂ ಒಂದೇ ಕಂಪನಿ ಆಗಬೇಕು ಅನ್ನೋ ನಿಯಮ ಏನೂ ಇಲ್ಲ. ರೇಡಿಯಲ್, ನೈಲಾನ್ ಅಂತ ಟೈರಿನ ಒಳ ಪದರದಲ್ಲಿ ಎರಡು ಬಗೆ; ಒಂದು ಚಕ್ರಕ್ಕೆ ಅದು, ಇನ್ನೊಂದಕ್ಕೆ ಇದು ಅಂತ ಬೆರೆಸಬೇಡಿ, ಅಷ್ಟೇ.

ರಿಂಗ್_ರೋಡ್_ರೈಡರ್:

ಇದೇ ಚಾನ್ಸ್ ಅಲ್ವಾ, 120/80 ಹಾಕಿಸಿ. ಗಾಡಿ ಲುಕ್ಕೇ ಬೇರೆ.

ಬೀದರ್_ಮಿಸ್ತ್ರಿ:

ಲುಕ್ಕಿಗೆ ಮೈಲೇಜ್ ಕೊಡಬೇಕಾಗುತ್ತೆ ತಮ್ಮಾ. ಆ ಟೈರ್ ಒಟ್ಟು ವ್ಯಾಸದಲ್ಲಿ 12 ಮಿಲಿಮೀಟರ್ ದೊಡ್ಡದು, ಅಗಲದಲ್ಲಿ 20. ಕಿರಿದಾದ ರಿಮ್ಮಿಗೆ ಅಗಲ ಟೈರ್ ಹಾಕಿದರೆ ಹಿಂಡಿಕೊಂಡು ನಡು ಉಬ್ಬುತ್ತೆ, ನೆಲಕ್ಕೆ ತಾಗುವ ಭಾಗ ಜಾಸ್ತಿ ಏನೂ ಆಗಲ್ಲ. ಚೈನ್ ಗಾರ್ಡಿಗೆ ಉಜ್ಜುವ ಭಯ ಬೇರೆ.

ಗಂಜ್_ಪಲ್ಸರ್:

ಸರ್, ತುಂಬಾ ಉಪಕಾರ ಆಯ್ತು. ಇನ್ನೊಂದು. ಅಲಾಯ್‌ಗೆ ಪಂಚರ್ ಅಂಗಡಿಯವರು ರಾಡ್ ಹಾಕಿದರೆ ಗೀರು ಬೀಳುತ್ತೆ ಅಂತಾರೆ. ಎಲ್ಲಿ ಹಾಕಿಸೋದು?

ಆಳಂದ_ರಸ್ತೆ:

ನಾನು ಮಾಡೋದು ಹೇಳ್ತೀನಿ. ಪರಿಚಯದ ಮಿಸ್ತ್ರಿ ಹತ್ತಿರ ಹಿಂದಿನ ಚಕ್ರ ಮಾತ್ರ ಬಿಚ್ಚಿಸ್ತೀನಿ. ಬರೀ ಚಕ್ರ ಹಿಡಿದುಕೊಂಡು ಕಾರ್ ಟೈರ್ ಅಂಗಡಿಗೆ ಹೋಗ್ತೀನಿ, ಟೈರ್ ಬಿಚ್ಚುವ ಮೆಷಿನ್ ಇರುವಲ್ಲಿಗೆ. ಎಲ್ಲ ಮೆಷಿನ್ನೂ ಬೈಕ್ ರಿಮ್ ಹಿಡಿಯಲ್ಲ, ಮೊದಲೇ ಫೋನ್ ಮಾಡಿ ಕೇಳಿ. ಟೈರ್ ಅಲ್ಲೇ ಕೊಂಡರೆ ಫಿಟ್ಟಿಂಗ್ ಬಿಡಿಸಿಕೊಳ್ಳಬಹುದು. ಹಳೆ ಟೈರಿಗೂ ಏನಾದ್ರೂ ಕಡಿಮೆ ಮಾಡಿ ಅನ್ನಿ, ಕೇಳಿದರೆ ಏನೂ ಹೋಗಲ್ಲ.

ಬೀದರ್_ಮಿಸ್ತ್ರಿ:

ಸರಿಯಾಗಿ ಹೇಳಿದ್ರಿ. ಕೈಯಿಂದಲೇ ಆಗಬೇಕು ಅಂದರೂ ಹೆದರಬೇಕಿಲ್ಲ. ಹಳೆ ಆಯಿಲ್ ಡಬ್ಬಿ ಕತ್ತರಿಸಿ ಪ್ಲಾಸ್ಟಿಕ್ ತುಂಡನ್ನು ರಾಡ್ ಮತ್ತು ರಿಮ್ ನಡುವೆ ಇಡಬೇಕು. ಹೊಸ ಟೈರನ್ನು ಹಾಕುವ ಮುಂಚೆ ಅರ್ಧ ಗಂಟೆ ಬಿಸಿಲಿಗೆ ಇಡಿ, ಮೆತ್ತಗಾಗುತ್ತೆ. ಕಲಬುರಗಿ ಬಿಸಿಲಿಗೆ ಆ ಒಂದು ಉಪಯೋಗವಾದರೂ ಇರಲಿ! ರಾಡ್ ಎತ್ತುವಾಗ ಎದುರು ಬದಿಯ ಅಂಚನ್ನು ರಿಮ್ಮಿನ ನಡುವಿನ ತಗ್ಗಿಗೆ ಕಾಲಲ್ಲಿ ಒತ್ತಿ ಹಿಡಿಯಬೇಕು. ಹಾಗೆ ಮಾಡದೆ ಜೋರು ಹಾಕೋರೇ ಗೀರು ಬೀಳಿಸೋದು.

ಮೂರು ವಿಷಯ ನಿಂತು ನೋಡಿ. ಸೈಡ್‌ವಾಲಿನ ಬಾಣ ಚಕ್ರ ತಿರುಗುವ ಕಡೆಗೇ ಇರಬೇಕು. ಹಳದಿ ಚುಕ್ಕಿ ಇದ್ದರೆ ವಾಲ್ ಹತ್ತಿರ ಬರಬೇಕು, ಅದು ಟೈರಿನ ಹಗುರ ಜಾಗ. ರಬ್ಬರ್ ವಾಲ್ ಹೊಸದೇ ಹಾಕಿಸಿ, ಅದರಲ್ಲಿ ಉಳಿತಾಯ ಮಾಡಬೇಡಿ.

ಚಕ್ರ ವಾಪಸ್ ಕೂರಿಸುವಾಗ ಚೈನ್ ಬಿಗಿತ, ಎರಡೂ ಬದಿಯ ಗುರುತು ಸಮ ಇದೆಯಾ, ಬ್ರೇಕ್ ರಾಡಿನ ನಟ್ಟು, ಟಾರ್ಕ್ ರಾಡ್ (ಡ್ರಮ್ ಪ್ಲೇಟ್ ತಿರುಗದಂತೆ ಹಿಡಿಯುವ ಕಂಬಿ) ಇದ್ದರೆ ಅದರ ಬೋಲ್ಟು ಮತ್ತು ಪಿನ್ನು ನೋಡಿಕೊಳ್ಳಿ. ಈ ಕೊನೆಯದನ್ನು ಮರೆತರೆ ಬ್ರೇಕ್ ಹಿಡಿದಾಗ ಡ್ರಮ್ ಪ್ಲೇಟೇ ತಿರುಗಿಬಿಡುತ್ತೆ. ಆಕ್ಸಲ್ ಆಚೆಗಿರುವಾಗಲೇ ಬೇರಿಂಗನ್ನು ಬೆರಳಲ್ಲಿ ತಿರುಗಿಸಿ ನೋಡಿ, ಕರಕರ ಅಂದರೆ ಈಗಲೇ ಬದಲಿಸಿ. ಇನ್ನೊಮ್ಮೆ ಬಿಚ್ಚುವ ಕೂಲಿ ಉಳಿಯುತ್ತೆ.

ಗಂಜ್_ಪಲ್ಸರ್:

ಅಪ್‌ಡೇಟ್: ಟೈರ್ ಹೊರಗೆ 2,150ಕ್ಕೆ ಬಿಲ್ ಸಮೇತ ಸಿಕ್ಕಿತು. ತಾರೀಖು ಹೊಸದೇ. ವಾಲ್ 50, ಫಿಟ್ಟಿಂಗ್ 150, ಚಕ್ರ ಬಿಚ್ಚಿ ಹಾಕಿದ್ದಕ್ಕೆ ಮಿಸ್ತ್ರಿಗೆ 150. ಒಟ್ಟು 2,500.

ಆದರೆ ಈಗ ಹೊಸ ತಲೆನೋವು. ಐವತ್ತರ ವೇಗ ದಾಟಿದರೆ ಸೀಟಿನ ಕೆಳಗೆ ಕುದುರೆ ಸವಾರಿ ಥರ ಕುಪ್ಪಳಿಸುತ್ತೆ. ಹವಾ ಸರಿ ಇದೆ. ಫಿಟ್ಟಿಂಗ್ ಮಾಡಿದವರು ನೋಡಿ 'ನಿಮ್ಮ ರಿಮ್ ಬೆಂಡ್ ಆಗಿದೆ, ಹೊಸದು ಹಾಕಿಸಿ' ಅಂತಾರೆ. ಹಳೆ ಟೈರಿನಲ್ಲಿ ಹೀಗೆ ಇರಲಿಲ್ಲ. ಶೋರೂಂನಲ್ಲೇ ಹಾಕಿಸಬೇಕಿತ್ತಾ?

ಬೀದರ್_ಮಿಸ್ತ್ರಿ:

ರಿಮ್ಮಿಗೆ ದುಡ್ಡು ಕೊಡಬೇಡಿ, ನಿಲ್ಲಿ. ಗಾಡಿ ಡಬಲ್ ಸ್ಟ್ಯಾಂಡ್ ಹಾಕಿ. ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ಮೇಲೆ ಒಂದು ಸ್ಕ್ರೂಡ್ರೈವರನ್ನು ಅದರ ತುದಿ ರಿಮ್ ಅಂಚಿಗೆ ಕೂದಲೆಳೆ ದೂರ ಬರುವಂತೆ ಒತ್ತಿ ಹಿಡಿಯಿರಿ. ಇಂಜಿನ್ ಆಫ್ ಇಟ್ಟು ಚಕ್ರವನ್ನು ಕೈಯಿಂದ ತಿರುಗಿಸಿ. ಸಂದಿ ಎಲ್ಲ ಕಡೆ ಒಂದೇ ಇದ್ದರೆ ರಿಮ್ ನೆಟ್ಟಗಿದೆ. ಹೆಚ್ಚು ಕಡಿಮೆ ಆದರೆ ಮಾತ್ರ ರಿಮ್ ಅಥವಾ ಬೇರಿಂಗ್ ಮೇಲೆ ಅನುಮಾನ ಪಡಬೇಕು.

ಆಮೇಲೆ ಟೈರ್ ನೋಡಿ. ರಿಮ್ಮಿಗೆ ಹತ್ತಿರ ಸೈಡ್‌ವಾಲ್ ಮೇಲೆ ಸುತ್ತಲೂ ಒಂದು ತೆಳು ಗೆರೆ ಇರುತ್ತೆ. ಅದು ರಿಮ್ ಅಂಚಿನಿಂದ ಎಲ್ಲ ಕಡೆ ಒಂದೇ ದೂರ ಇರಬೇಕು, ಎರಡೂ ಬದಿ. ಎಲ್ಲಾದರೂ ಒಳಗೆ ಮುಳುಗಿದ್ದರೆ ಟೈರಿನ ಅಂಚು ಅಲ್ಲಿ ಕೂತಿಲ್ಲ.

ಗಂಜ್_ಪಲ್ಸರ್:

ರಿಮ್ ನೆಟ್ಟಗಿದೆ ಸರ್. ಚೈನ್ ಬದಿಯಲ್ಲಿ ಆ ಗೆರೆ ಒಂದು ಗೇಣಿನಷ್ಟು ಕಾಣೋದೇ ಇಲ್ಲ, ಒಳಗೆ ಹೋಗಿದೆ!

ಬೀದರ್_ಮಿಸ್ತ್ರಿ:

ಸಿಕ್ಕಿತು ನೋಡಿ. ಸೋಪಿನ ನೀರು ಸಾಲದೆ ಒಣಗಿದ ರಿಮ್ಮಿಗೆ ಟೈರ್ ಅಂಟಿಕೊಂಡಿದೆ. ಪೂರ್ತಿ ಹವಾ ಬಿಡಿಸಿ. ಆ ಜಾಗದಲ್ಲಿ ಅಂಚನ್ನು ಒಳಗೆ ತಳ್ಳಿಸಿ, ಸೋಪಿನ ನೀರು ಚೆನ್ನಾಗಿ ಬಳಿಸಿ, ವಾಲ್ ಒಳಗಿನ ಪಿನ್ ತೆಗೆದು ಕಂಪ್ರೆಸರಿನಿಂದ ಹವಾ ಕೊಡಿಸಿ. ಪಿನ್ ಇಲ್ಲದಿದ್ದರೆ ಹವಾ ಒಮ್ಮೆಲೇ ನುಗ್ಗುತ್ತೆ. ಟಪ್ ಟಪ್ ಅಂತ ಶಬ್ದ ಬರಬೇಕು. ಸೈಡ್‌ವಾಲ್ ಮೇಲೆ ಬರೆದ ಮಿತಿ ದಾಟಬಾರದು, ಮುಖ ಹತ್ತಿರ ಇಟ್ಟುಕೊಂಡು ಕೂರಬಾರದು. ಕೂರಲಿಲ್ಲ ಅಂದರೆ ಇನ್ನಷ್ಟು ಹವಾ ಹೊಡೆಯೋದಲ್ಲ, ಬಿಡಿಸಿ ಮತ್ತೆ ಸೋಪು.

ಗೆರೆ ಸರಿಯಾದ ಮೇಲೆ ಪಿನ್ ಹಾಕಿ ಹವಾ ತುಂಬಿಸಿ: ಹಿಂದಿನ ಟೈರಿಗೆ ಒಬ್ಬರೇ ಆದರೆ 28 ಪಿಎಸ್‌ಐ (ಹವಾ ಒತ್ತಡದ ಅಳತೆ), ಇಬ್ಬರಾದರೆ 32. ಮುಂದಿನ ಟೈರಿಗೆ 25. ಟೈರ್ ತಣ್ಣಗಿರುವಾಗ, ಬೆಳಿಗ್ಗೆ ಹೊತ್ತು ನೋಡಿಸಿ. ಮಧ್ಯಾಹ್ನ ಬಿಸಿಲಲ್ಲಿ ಓಡಿಸಿ ಬಂದು ಜಾಸ್ತಿ ತೋರಿಸ್ತಿದೆ ಅಂತ ಹವಾ ತೆಗೆಸಬೇಡಿ.

ಗಂಜ್_ಪಲ್ಸರ್:

ಆಯ್ತು ಸರ್, ಪರಿಹಾರ ಆಯ್ತು. ಅದೇ ಅಂಗಡಿಗೆ ಹೋಗಿ ಗೆರೆ ತೋರಿಸಿದೆ. ಏನೂ ಮಾತಾಡದೆ ಮತ್ತೆ ಕೂರಿಸಿಕೊಟ್ಟರು, ದುಡ್ಡು ಕೇಳಲಿಲ್ಲ. ಈಗ ಎಪ್ಪತ್ತರಲ್ಲೂ ಅಲುಗಾಡಲ್ಲ. ಬ್ಯಾಲೆನ್ಸಿಂಗ್ ಬೇಕಾ ಇನ್ನು?

ಬೀದರ್_ಮಿಸ್ತ್ರಿ:

ಕುಪ್ಪಳಿಸ್ತಿಲ್ಲ ಅಂದರೆ ಬೇಡ. ಮೊದಲ ನೂರೈವತ್ತು ಕಿಲೋಮೀಟರ್ ತಿರುವಿನಲ್ಲಿ ಹುಷಾರು, ಹೊಸ ಟೈರ್ ಮೇಲೆ ನುಣುಪು ಇರುತ್ತೆ. ಸೇಡಂ ರಸ್ತೆಯಲ್ಲಿ ಸಿಮೆಂಟ್ ಧೂಳಿನ ಮೇಲೆ ಮೊದಲ ಹನಿ ಬಿದ್ದಾಗಂತೂ ಇನ್ನೂ ಹುಷಾರು.

ಯಾದಗಿರಿ_ಶೈನ್:

ಇದೇ ಚರ್ಚೆಯಲ್ಲಿ ಕೇಳ್ತಿದ್ದೀನಿ, ತಪ್ಪು ತಿಳಿಯಬೇಡಿ. ನನ್ನ ಟ್ಯೂಬ್‌ಲೆಸ್ ಟೈರಲ್ಲಿ ವಾರಕ್ಕೆ ಐದಾರು ಪಿಎಸ್‌ಐ ಇಳಿಯುತ್ತೆ. ಪಂಚರ್ ಇಲ್ಲ. ಅಂಗಡಿಯವರು ಒಳಗೆ ಟ್ಯೂಬ್ ಹಾಕ್ಬಿಡಿ ಅಂತಾರೆ.

ಬೀದರ್_ಮಿಸ್ತ್ರಿ:

ಬೇಡ್ರಿ. ಟ್ಯೂಬ್ ಹಾಕಿದರೆ ಒಳಗೆ ಉಜ್ಜಿ ಬಿಸಿ ಜಾಸ್ತಿ ಆಗುತ್ತೆ, ಮೊಳೆ ಚುಚ್ಚಿದರೆ ಹವಾ ಒಮ್ಮೆಲೇ ಹೋಗುತ್ತೆ. ಟ್ಯೂಬ್‌ಲೆಸ್ಸಿನ ಲಾಭವೇ ಹೋಯ್ತು. ಸೋಪಿನ ನೀರನ್ನು ವಾಲ್ ಬುಡಕ್ಕೆ, ವಾಲ್ ಬಾಯಿಗೆ, ರಿಮ್ ಅಂಚಿಗೆ ಎರಡೂ ಬದಿ ಹಾಕಿ ಗುಳ್ಳೆ ಎಲ್ಲಿ ಏಳುತ್ತೆ ನೋಡಿ. ಬಾಯಲ್ಲಿ ಎದ್ದರೆ ಒಳಗಿನ ಪಿನ್ ಬದಲಿಸಿ, ಕೆಲವೇ ರೂಪಾಯಿ. ಬುಡದಲ್ಲಿ ಎದ್ದರೆ ವಾಲ್. ರಿಮ್ ಅಂಚಲ್ಲಿ ಎದ್ದರೆ ಟೈರ್ ಬಿಚ್ಚಿಸಿ, ಅಂಚು ಕೂರುವ ಜಾಗದ ಕೊಳೆ ಉಜ್ಜಿಸಿ ಮತ್ತೆ ಹಾಕಿಸಿ. ಗುಳ್ಳೆ ಎಲ್ಲಿ ಬಂತು ಅಂತ ಇಲ್ಲೇ ಬರೆಯಿರಿ.

ಯಾದಗಿರಿ_ಶೈನ್:

ವಾಲ್ ಬುಡ ಸರ್. ಬಗ್ಗಿಸಿದರೆ ಬಿರುಕು ಕಾಣುತ್ತೆ.

ಬೀದರ್_ಮಿಸ್ತ್ರಿ:

ಹೊಸ ವಾಲ್ ಹಾಕಿಸಿ, ಮುಗೀತು.