ಪೋಕ್ಸೊ ಪ್ರಕರಣದ ಹುಡುಗನ ತನಿಖಾ ವರದಿ: ಮಹಿಳಾ ಅಧಿಕಾರಿ ಮುಂದೆ ಮನೆಯವರು ಬಾಯಿ ಬಿಡುತ್ತಿಲ್ಲ

ಹೊಸ ಪರಿವೀಕ್ಷಕಿ, ಮಂಡ್ಯ:
ನಾನು ಪರಿವೀಕ್ಷಣಾಧಿಕಾರಿ (ಪ್ರೊಬೇಷನ್ ಆಫೀಸರ್) ಕೆಲಸಕ್ಕೆ ಹೊಸಬಳು. ಹುಡುಗನಿಗೆ 17 ವರ್ಷ, ಆರೋಪ ಪೋಕ್ಸೊ 8ನೇ ಕಲಂ (ಲೈಂಗಿಕ ಹಲ್ಲೆ). ಬಾಲನ್ಯಾಯ ಮಂಡಳಿಗೆ 15 ದಿನದೊಳಗೆ ಸಾಮಾಜಿಕ ತನಿಖಾ ವರದಿ (ಹುಡುಗನ ಮನೆ, ಶಾಲೆ, ಹಿನ್ನೆಲೆ ಬಗ್ಗೆ) ಕೊಡಬೇಕು. ಅಪ್ಪ "ಇದೆಲ್ಲ ನಿಮ್ಮತ್ರ ಹೆಂಗ್ ಹೇಳದು ಮೇಡಂ, ಯಾರಾದ್ರೂ ಸಾರ್ ಕಳ್ಸಿ" ಅಂತಾರೆ. ಹುಡುಗ ತಲೆ ಎತ್ತಲ್ಲ. ಪುರುಷ ಅಧಿಕಾರಿಗೆ ವಹಿಸೋದು ಸರಿಯಾ? ಮನೆಗೆ ಒಬ್ಬರೇ ಹೋಗಬಹುದಾ?

ಲಷ್ಕರ್ ಮೊಹಲ್ಲಾ:
ವಹಿಸಬೇಡಿ. ಅಪ್ಪ ಕೇಳಿದರು ಅಂತ ಬದಲಾಯಿಸಿದರೆ, ಹೆಣ್ಣಿನ ಮಾತಿಗೆ ಬೆಲೆ ಕೊಡಬೇಕಿಲ್ಲ ಅನ್ನೋದನ್ನ ಹುಡುಗ ನಮ್ಮ ಕಚೇರಿಯಿಂದಲೇ ಕಲಿತ ಹಾಗಾಗುತ್ತೆ. ಪುರುಷ ಅಧಿಕಾರಿ ಹೋದರೆ ಇನ್ನೊಂದು ಅಪಾಯ. "ನಿಮಗ್ ಗೊತ್ತಿಲ್ವಾ ಸಾರ್, ಹುಡುಗ್ ಬುದ್ಧಿ" ಅಂತ ಮಾತು ಶುರುವಾಗುತ್ತೆ. ಅವರು ಸುಮ್ಮನೆ ತಲೆಯಾಡಿಸಿದರೂ ಒಪ್ಪಿದರು ಅಂತಲೇ ಲೆಕ್ಕ. ಹುಡುಗನೇ ಕೇಳಿದರೆ ಮಾತ್ರ ಯೋಚಿಸಿ, ಅವನ ಮೇಲೂ ಹಿಂದೆ ದೌರ್ಜನ್ಯ ಆಗಿರಬಹುದು.

ಎರಡು ಸಲ ಕೂರಿಸಿ. ಮೊದಲ ಸಲ ಶಾಲೆ, ನಿದ್ದೆ, ಮೊಬೈಲು, ಗೆಳೆಯರು, ಅಷ್ಟೇ. ಕುರ್ಚಿ ಎದುರುಬದುರು ಬೇಡ, ಸ್ವಲ್ಪ ಓರೆಯಾಗಿರಲಿ. ಬಾಗಿಲು ಅರೆ ತೆರೆದಿರಲಿ, ಆದರೆ ಮಾತು ಹೊರಗೆ ಕೇಳಬಾರದು. ಆರೋಪದ ವಿಷಯ ಎರಡನೇ ಸಲಕ್ಕೆ.

ಮದ್ದೂರಿನವ:
ಎರಡನೇ ಸಲದ ಬಗ್ಗೆ ಎಚ್ಚರ. ವಿಚಾರಣೆ ಮುಗಿದಿಲ್ಲ, ಕಾನೂನಿನ ಕಣ್ಣಲ್ಲಿ ಅವನು ಇನ್ನೂ ನಿರಪರಾಧಿ. ತಪ್ಪೊಪ್ಪಿಗೆ ತೆಗೆಸೋದು ನಮ್ಮ ಕೆಲಸ ಅಲ್ಲ. "ಯಾಕೆ ಮಾಡಿದೆ" ಅಂತ ಕೇಳಲೇಬಾರದು. ವರದಿಯಲ್ಲಿ ಎಲ್ಲ ಕಡೆ "ಆರೋಪಿತ ಘಟನೆ" ಅಂತಲೇ ಇರಲಿ, ಹುಡುಗನನ್ನ "ಆರೋಪಿ" ಅನ್ನಬೇಡಿ. 8ನೇ ಕಲಂಗೆ ಶಿಕ್ಷೆ 3ರಿಂದ 5 ವರ್ಷ, ಅದು ಘೋರ ಅಪರಾಧದ ಪಟ್ಟಿಗೆ ಬರಲ್ಲ. ಹಾಗಾಗಿ ಬಾಲನ್ಯಾಯ ಕಾಯ್ದೆಯ 15ನೇ ಕಲಂನ ಪ್ರಾಥಮಿಕ ಮೌಲ್ಯಮಾಪನವೂ (ವಯಸ್ಕನ ಹಾಗೆ ವಿಚಾರಣೆ ಮಾಡಬೇಕಾ ಅನ್ನೋ ಪರಿಶೀಲನೆ) ಇಲ್ಲ.

ಮನೆಗೆ ಒಬ್ಬರೇ ಬೇಡ. ಮಕ್ಕಳ ರಕ್ಷಣಾ ಘಟಕದ ಸಹೋದ್ಯೋಗಿಯನ್ನ ಕರ್ಕೊಂಡು ಹೋಗಿ. ಅವರು ಗಂಡಸಾದರೆ, ಪ್ರಶ್ನೆ ಕೇಳೋದು ನೀವೇ ಅಂತ ದಾರಿಯಲ್ಲೇ ಮಾತಾಡ್ಕೊಳ್ಳಿ. ಅಪ್ಪ ಉತ್ತರ ಕೊಡೋದು ಅವರ ಕಡೆ ತಿರುಗಿಯೇ. ಆಗ ಅವರು ಕಣ್ಣು ಕೊಡದೆ ಪುಸ್ತಕ ನೋಡ್ತಾ ಬರೀತಿರಬೇಕು. ನಾಲ್ಕೈದು ಪ್ರಶ್ನೆ ಆಗೋಷ್ಟರಲ್ಲಿ ಅಪ್ಪ ನಿಮ್ಮ ಕಡೆ ತಿರುಗ್ತಾರೆ. ಬೋರ್ಡು ಹಾಕಿದ ಜೀಪು ಊರೊಳಗೆ ಬೇಡ, ಅಂಗಡಿ ಮುಂದೆ ನಿಲ್ಲಿಸಿ ಮನೆ ವಿಚಾರಿಸಲೂ ಬೇಡ. ಹುಡುಗನ ಗುರುತು ಬಯಲಾಗಬಾರದು ಅನ್ನೋದೇ ಬಾಲನ್ಯಾಯ ಕಾಯ್ದೆಯ 74ನೇ ಕಲಂನ ಆಶಯ, ಬಯಲಾದರೆ ದೂರು ಕೊಟ್ಟ ಹುಡುಗಿ ಯಾರು ಅಂತಲೂ ಊರಿಗೆ ಗೊತ್ತಾಗಿಬಿಡುತ್ತೆ.

ಹೊಸ ಪರಿವೀಕ್ಷಕಿ, ಮಂಡ್ಯ:
ಅಪ್ಪ ಎಲ್ಲದಕ್ಕೂ ತಾಯಿಯನ್ನೇ ದೂರ್ತಾರೆ. ಅದನ್ನ ಬರೀಬೇಕಾ?

ಲಷ್ಕರ್ ಮೊಹಲ್ಲಾ:
ಅಪ್ಪನ ಮಾತು ಅಂತ ಬರೀರಿ, ನಿಮ್ಮ ತೀರ್ಮಾನ ಅಂತ ಅಲ್ಲ. ತಾಯಿಯನ್ನ ಒಳಗೆ, ಒಲೆ ಹತ್ತಿರ ಒಬ್ಬರನ್ನೇ ಮಾತಾಡಿಸಿ. ಜಗಲಿ ಮೇಲೆ ಗಂಡ ಕೂತಿದ್ದಾಗ ಅವರು "ಹೂಂ" ಬಿಟ್ಟು ಬೇರೇನೂ ಅನ್ನಲ್ಲ. ಹುಡುಗನ ಶಾಲೆಗೆ ಕೊನೇ ಸಲ ಹೋಗಿದ್ದು ಯಾವಾಗ ಅಂತ ಅಪ್ಪನನ್ನೂ ಕೇಳಿ.

ನಾವು ಪದೇ ಪದೇ ತಪ್ಪೋದು "ಮೇಲ್ವಿಚಾರಣೆಗೆ ತಾಯಿ ಇದ್ದಾರೆ" ಅನ್ನೋ ಸಾಲಿನಲ್ಲಿ. ಬೆಳಿಗ್ಗೆ 7ಕ್ಕೆ ಗಾರ್ಮೆಂಟ್ಸ್ ಬಸ್ ಹತ್ತಿ ಸಂಜೆ ಬರೋ ಹೆಂಗಸು ಯಾವ ಹೊತ್ತಲ್ಲಿ ಕಾಯ್ತಾರೆ? ಮುಂದೆ ತಪ್ಪು ಸಾಬೀತಾಗಿ ಬಾಲನ್ಯಾಯ ಕಾಯ್ದೆಯ 18ನೇ ಕಲಂನಲ್ಲಿ ಸನ್ನಡತೆ ಮೇಲೆ ಬಿಟ್ಟರೆ ಮುಚ್ಚಳಿಕೆ 3 ವರ್ಷದವರೆಗೂ ಇರಬಹುದು. ಆಗ ಅಪ್ಪನ ಸಹಿಯೂ ಇರಲಿ ಅಂತ ಈಗಲೇ ಶಿಫಾರಸು ಮಾಡಿ. ಆ ಹುಡುಗಿ ಹತ್ತೋ ಬಸ್ಸು, ನೀರು ಹಿಡಿಯೋ ನಲ್ಲಿ, ಟ್ಯೂಷನ್ನಿನ ಹೊತ್ತು ಪೊಲೀಸರಿಂದ ತಿಳ್ಕೊಂಡು, ಇವನು ಯಾವ ಹೊತ್ತಲ್ಲಿ ಆ ಕಡೆ ಸುಳೀಬಾರದು ಅಂತ ಗಂಟೆ ಸಮೇತ ಬರೀರಿ. ಅವಳ ಮನೆಗೆ ನೀವು ಹೋಗಬೇಡಿ. ನೀವು ಬಂದಿರೋದು ರಾಜಿಗೆ ಅಂತ ಅಂದ್ಕೊಂಡುಬಿಡ್ತಾರೆ.